ಗೇಮ್ ಸರ್ವರ್ ಲ್ಯಾಗ್ ಹೊಡೆಯುತ್ತಿದೆಯಾ? ಸಿಪಿಯು ಪರ್ಸೆಂಟ್ ಬಿಡಿ, ಟಿಕ್ ನೋಡಿ

ಸರ್ವರ್‌ನಲ್ಲಿ ಹದಿನೈದು ಜನ ಆಡುತ್ತಿದ್ದಾರೆ. ಒಡೆದ ಬ್ಲಾಕ್ ಮತ್ತೆ ಅಲ್ಲೇ ಬಂದು ಕೂರುತ್ತಿದೆ, ಬಾಗಿಲು ತೆರೆಯಲು ಎರಡು ಸೆಕೆಂಡ್ ಹಿಡಿಯುತ್ತಿದೆ, ಓಡುತ್ತಿರುವವರನ್ನು ಯಾರೋ ಹಿಂದಕ್ಕೆ ಎಳೆದ ಹಾಗೆ ಆಗುತ್ತಿದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸಿಪಿಯು ಬರೀ 14 ಪರ್ಸೆಂಟ್. ಇಷ್ಟೊಂದು ಖಾಲಿ ಇದೆಯಲ್ಲ, ಹಾಗಾದರೆ ನೆಟ್ಟೇ ಸರಿ ಇಲ್ಲ ಅಂದುಕೊಂಡು ಎಲ್ಲರೂ ರೂಟರ್ ಹಿಂದೆ ಬೀಳುತ್ತಾರೆ. ದಾರಿ ತಪ್ಪುವುದು ಇಲ್ಲೇ.

ಆ 14 ಪರ್ಸೆಂಟ್ ಅನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಂಟು ಲಾಜಿಕಲ್ ಪ್ರೊಸೆಸರ್ ಇರುವ ಮೆಷಿನ್‌ನಲ್ಲಿ ಒಂದು ಪ್ರೊಸೆಸರ್ ಪೂರ್ತಿ ತುಂಬಿದರೆ ಒಟ್ಟು ಲೆಕ್ಕದಲ್ಲಿ ಅದು 12.5 ಪರ್ಸೆಂಟ್ ಅಷ್ಟೇ. ಹದಿನಾರು ಇದ್ದರೆ 6.25. ಅಂದರೆ ನೀವು ನೋಡುತ್ತಿರುವ 14 ಪರ್ಸೆಂಟ್‌ನಲ್ಲಿ ಒಂದು ಕೋರ್ ಉಸಿರಾಡಲೂ ಜಾಗ ಇಲ್ಲದ ಹಾಗೆ ಓಡುತ್ತಿರಬಹುದು, ಉಳಿದ ಏಳು ಸುಮ್ನೆ ಕೂತಿರಬಹುದು. ಹೆಚ್ಚಿನ ಗೇಮ್ ಸರ್ವರ್‌ಗಳು ಆಟದ ಮುಖ್ಯ ಕೆಲಸವನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಸಾಗುವ ಕೆಲಸದ ಒಂದೇ ಸಾಲಿನಲ್ಲಿ, ಮಾಡುತ್ತವೆ. ಆ ಥ್ರೆಡ್ ಒಂದು ಕೋರ್‌ಗಿಂತ ಜಾಸ್ತಿ ಬಳಸಲು ಸಾಧ್ಯವೇ ಇಲ್ಲ. ಹಾಗಾಗಿ ಒಟ್ಟು ಪರ್ಸೆಂಟ್ ನೋಡಿ ಏನನ್ನೂ ನಿರ್ಧಾರ ಮಾಡಬೇಡಿ. ಕೋರ್ ಜಾಸ್ತಿ ಇರುವ ಪ್ಲಾನ್‌ಗೆ ದುಡ್ಡು ಕಟ್ಟುವುದಂತೂ ಈಗಲೇ ಬೇಡ.

ಮೊದಲು ಟಿಕ್ ಅರ್ಥ ಮಾಡಿಕೊಳ್ಳಿ

ಸರ್ವರ್ ಒಂದು ಸುತ್ತು ಕೆಲಸ ಮಾಡುತ್ತದೆ. ಆಟಗಾರರಿಂದ ಬಂದ ಇನ್‌ಪುಟ್ ಓದುತ್ತದೆ, ಪ್ರಾಣಿ, ಬಾಟ್, ಗುಂಡು, ನೀರು, ಬೆಂಕಿ ಎಲ್ಲವನ್ನೂ ಒಂದು ಹೆಜ್ಜೆ ಮುಂದಿಡುತ್ತದೆ, ಏನು ಬದಲಾಯಿತು ಅಂತ ಎಲ್ಲರಿಗೂ ಕಳಿಸುತ್ತದೆ. ಈ ಒಂದು ಸುತ್ತೇ ಟಿಕ್. ಮೈನ್‌ಕ್ರಾಫ್ಟ್‌ನಲ್ಲಿ ಸೆಕೆಂಡಿಗೆ 20 ಟಿಕ್, ಅಂದರೆ ಒಂದು ಟಿಕ್‌ಗೆ 50 ಮಿಲಿಸೆಕೆಂಡ್ ಸಮಯ. ಫ್ಯಾಕ್ಟೋರಿಯೋದಲ್ಲಿ ಸೆಕೆಂಡಿಗೆ 60, ಅಲ್ಲಿ ಸಿಗುವುದು 16.7 ಮಿಲಿಸೆಕೆಂಡ್. ಕೌಂಟರ್ ಸ್ಟ್ರೈಕ್ 2 ಓಡುವುದು 64 ಟಿಕ್‌ನಲ್ಲಿ, ಸುಮಾರು 15.6 ಮಿಲಿಸೆಕೆಂಡ್. ಹಿಂದಿನ ಸಿಎಸ್‌ಗೋದಲ್ಲಿ 128 ಟಿಕ್ ಸರ್ವರ್ ಇಟ್ಟವರಿಗೆ ಸಿಗುತ್ತಿದ್ದದ್ದು ಬರೀ 7.8 ಮಿಲಿಸೆಕೆಂಡ್.

ಟಿಕ್ ಮುಗಿಯಲು 30 ಮಿಲಿಸೆಕೆಂಡ್ ಸಾಕಾದರೆ ಮೈನ್‌ಕ್ರಾಫ್ಟ್ ಸರ್ವರ್ ಉಳಿದ 20 ಮಿಲಿಸೆಕೆಂಡ್ ಸುಮ್ಮನಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. 49 ಆದರೂ ಗೊತ್ತಾಗುವುದಿಲ್ಲ. 55 ಆಯಿತೋ, ಅಲ್ಲಿಂದ ಶುರು ನೋಡಿ: ಮುಂದಿನ ಟಿಕ್ ತಡ, ಅದರ ಮುಂದಿನದು ಇನ್ನೂ ತಡ, ಆಟದೊಳಗಿನ ಸಮಯವೇ ನಿಧಾನ ಆಗುತ್ತದೆ. ಹೀಗಾಗಿ ನಿಮಗೆ ಬೇಕಾದ ಅಂಕಿ ಒಂದೇ. ಒಂದು ಟಿಕ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ?

ಅದರಲ್ಲೂ ಸರಾಸರಿಯನ್ನು ನಂಬಬೇಡಿ. ಸರಾಸರಿ 22 ಮಿಲಿಸೆಕೆಂಡ್ ಇದ್ದು, ಅರ್ಧ ನಿಮಿಷಕ್ಕೊಮ್ಮೆ ಒಂದು ಟಿಕ್ 400 ಮಿಲಿಸೆಕೆಂಡ್ ತಿಂದರೆ ಆಟಗಾರರ ಪಾಲಿಗೆ ಅದು ಕೆಟ್ಟ ಸರ್ವರ್ರೇ. ಮೈನ್‌ಕ್ರಾಫ್ಟ್ 1.20.3 ರಿಂದ ಟಿಕ್ ಕ್ವೆರಿ ಅನ್ನುವ ಕಮಾಂಡ್ ಇದೆ, ಅದು ಸರಾಸರಿಯ ಜೊತೆಗೆ ಪಿ50, ಪಿ95, ಪಿ99 ಕೂಡ ತೋರಿಸುತ್ತದೆ. ಪಿ99 ಅಂದರೆ ನೂರರಲ್ಲಿ 99 ಟಿಕ್‌ಗಳು ಆ ಅಂಕಿಯೊಳಗೆ ಮುಗಿದಿವೆ ಅಂತ. ನಾನು ಮೊದಲು ನೋಡುವುದು ಅದನ್ನೇ. ಪೇಪರ್ (ಪ್ಲಗಿನ್ ಹಾಕಬಹುದಾದ ಮೈನ್‌ಕ್ರಾಫ್ಟ್ ಸರ್ವರ್ ಸಾಫ್ಟ್‌ವೇರ್) ಬಳಸುವವರಿಗೆ ಎಂಎಸ್‌ಪಿಟಿ, ಅಂದರೆ ಒಂದು ಟಿಕ್‌ಗೆ ಎಷ್ಟು ಮಿಲಿಸೆಕೆಂಡ್ ಅನ್ನುವ ಕಮಾಂಡ್ ಇದೆ, ಕಳೆದ 5, 10, 60 ಸೆಕೆಂಡ್‌ಗಳ ಸರಾಸರಿ, ಕನಿಷ್ಠ, ಗರಿಷ್ಠ ಮೂರನ್ನೂ ಕೊಡುತ್ತದೆ. ಸೋರ್ಸ್ ಎಂಜಿನ್ ಸರ್ವರ್‌ಗಳ ಕನ್ಸೋಲ್‌ನಲ್ಲಿ ಸ್ಟ್ಯಾಟ್ಸ್ ಅಂತ ಹೊಡೆದರೆ ಸರ್ವರ್ ಎಫ್‌ಪಿಎಸ್ ಸಿಗುತ್ತದೆ. ಫ್ಯಾಕ್ಟೋರಿಯೋದಲ್ಲಿ ಎಫ್4 ಒತ್ತಿ ಟೈಮ್ ಯೂಸೇಜ್ ಆನ್ ಮಾಡಿದರೆ ಯಾವ ಕೆಲಸಕ್ಕೆ ಎಷ್ಟು ಸಮಯ ಅಂತ ಬಿಡಿಬಿಡಿಯಾಗಿ ಕಾಣುತ್ತದೆ. ನಿಮ್ಮ ಗೇಮ್ ಬೇರೆಯಾಗಿದ್ದರೂ ಇಂಥದ್ದೊಂದು ಕಮಾಂಡ್ ಎಲ್ಲೋ ಇರುತ್ತದೆ, ಹುಡುಕಿಟ್ಟುಕೊಳ್ಳಿ. ಅದು ಸಿಗುವ ತನಕ ಬೇರೆ ಯಾವ ಸೆಟ್ಟಿಂಗ್‌ಗೂ ಕೈ ಹಾಕಬೇಡಿ.

ಯಾವ ಥ್ರೆಡ್ ತಿನ್ನುತ್ತಿದೆ?

ಲಿನಕ್ಸ್‌ನಲ್ಲಿ ಟಾಪ್ ಅನ್ನುವ ಕಮಾಂಡ್ ತೆರೆದು 1 ಒತ್ತಿ, ಪ್ರತಿ ಕೋರ್ ಬೇರೆ ಬೇರೆ ಸಾಲಾಗಿ ಬರುತ್ತದೆ. ದೊಡ್ಡ ಎಚ್ ಒತ್ತಿದರೆ ಪ್ರೊಸೆಸ್ ಬದಲು ಥ್ರೆಡ್‌ಗಳು ಬರುತ್ತವೆ. ಇಲ್ಲಿ ಲೆಕ್ಕ ವಿಂಡೋಸ್‌ನ ಹಾಗಲ್ಲ, ಒಂದು ಕೋರ್ ಪೂರ್ತಿ ಅಂದರೆ 100 ಪರ್ಸೆಂಟ್, ಎಂಟು ಕೋರ್ ಪೂರ್ತಿ ಅಂದರೆ 800. ಜಾವಾದಲ್ಲಿ ಓಡುವ ಮೈನ್‌ಕ್ರಾಫ್ಟ್ ಆದರೆ ಥ್ರೆಡ್‌ಗಳ ಹೆಸರೂ ಕಾಣುತ್ತವೆ, ಇದು ತುಂಬಾ ಉಪಯೋಗದ ವಿಷಯ. ಸರ್ವರ್ ಥ್ರೆಡ್ ಅನ್ನುವ ಹೆಸರು 98, 99 ರಲ್ಲಿ ನಿಂತಿದ್ದರೆ ಆಟದ ಲೂಪೇ ತುಂಬಿದೆ. ವರ್ಕರ್ ಮೇನ್ ಅನ್ನುವವು ಮೇಲೆ ಬಂದಿದ್ದರೆ ಹೊಸ ಚಂಕ್ (ಆಟದ ಲೋಕದ 16 ಗುಣಿಸು 16 ಬ್ಲಾಕ್‌ನ ತುಂಡು) ತಯಾರಾಗುತ್ತಿದೆ. ಜಿಸಿ ಥ್ರೆಡ್ (ಬೇಡದ ಮೆಮೊರಿ ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್) ಅನ್ನುವವು ಸಾಲಾಗಿ ಮೇಲೇರಿದ್ದರೆ ತೊಂದರೆ ಮೆಮೊರಿಯದ್ದು. ಹೀಗೆ ಎರಡು ನಿಮಿಷ ನೋಡಿದರೆ ಯಾವ ಕಡೆ ಹೋಗಬೇಕು ಅಂತ ಗೊತ್ತಾಗುತ್ತದೆ.

ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಒಂದೇ ಒಂದು ಚೌಕ ತುಂಬಿ ಉಳಿದವು ಖಾಲಿ ಇರುವುದು ಕೆಲವೊಮ್ಮೆ ಕಣ್ಣಿಗೇ ಬೀಳುತ್ತದೆ. ಆದರೆ ವಿಂಡೋಸ್ ಒಂದೇ ಥ್ರೆಡ್ ಅನ್ನು ಈ ಕೋರ್‌ನಿಂದ ಆ ಕೋರ್‌ಗೆ ಓಡಾಡಿಸುತ್ತಿರುತ್ತದೆ, ಹಾಗಾಗಿ ಎರಡು ಮೂರು ಚೌಕಗಳು ಅರ್ಧಂಬರ್ಧ ತುಂಬಿದ ಹಾಗೆ ಕಂಡರೂ ಒಳಗೆ ಇರುವುದು ಒಂದೇ ಥ್ರೆಡ್ ಆಗಿರಬಹುದು.

ಒಂದು ವಿಚಿತ್ರ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಟಿಕ್ 200 ಮಿಲಿಸೆಕೆಂಡ್ ಹಿಡಿಯುತ್ತಿದೆ, ಆದರೆ ಮುಖ್ಯ ಥ್ರೆಡ್ ಬಳಸುತ್ತಿರುವುದು ಬರೀ 30 ಪರ್ಸೆಂಟ್ ಸಿಪಿಯು. ಆಗ ನಿಮ್ಮ ಸಮಸ್ಯೆ ಸಿಪಿಯು ಅಲ್ಲವೇ ಅಲ್ಲ. ಆ ಥ್ರೆಡ್ ಯಾವುದಕ್ಕೋ ಕಾಯುತ್ತಾ ನಿಂತಿದೆ. ಡಿಸ್ಕ್ ಇರಬಹುದು, ಪ್ರತಿ ಸಲ ಡೇಟಾಬೇಸ್‌ಗೆ ಹೋಗಿ ಉತ್ತರ ಬರುವ ತನಕ ಟಿಕ್ ತಡೆದು ಹಿಡಿಯುವ ಪ್ಲಗಿನ್ ಇರಬಹುದು. ಇಲ್ಲಿ ವೇಗದ ಪ್ರೊಸೆಸರ್ ತಂದರೂ ಒಂದು ಮಿಲಿಸೆಕೆಂಡ್ ಕಡಿಮೆ ಆಗುವುದಿಲ್ಲ.

ಪ್ರೊಫೈಲರ್ ಹಾಕಿ, ಊಹೆ ಬೇಡ

ಮುಖ್ಯ ಥ್ರೆಡ್ ತುಂಬಿದೆ ಅಂತ ಗೊತ್ತಾಯಿತು. ಒಳಗೆ ಏನು ನಡೆಯುತ್ತಿದೆ? ಇಲ್ಲಿ ಎಲ್ಲರೂ ಒಬ್ಬೊಬ್ಬ ಅಪರಾಧಿಯನ್ನು ತೋರಿಸುತ್ತಾರೆ. ಆ ಪ್ಲಗಿನ್ ತೆಗೆ, ಈ ಮಾಡ್ ತೆಗೆ, ಅವನ ಫಾರ್ಮ್ ಒಡೆದು ಹಾಕು. ಊಹೆ ಮೇಲೆ ತೆಗೆದದ್ದು ಹತ್ತರಲ್ಲಿ ಎಂಟು ಸಲ ತಪ್ಪಾಗಿರುತ್ತದೆ ಅನ್ನುವುದು ನನ್ನ ಅನಿಸಿಕೆ, ಜೊತೆಗೆ ಯಾರದ್ದೋ ವಾರಗಟ್ಟಲೆ ಶ್ರಮ ಹಾಳಾಗುತ್ತದೆ.

ಮೈನ್‌ಕ್ರಾಫ್ಟ್‌ಗೆ ಸ್ಪಾರ್ಕ್ ಅನ್ನುವ ಪ್ರೊಫೈಲರ್, ಅಂದರೆ ಯಾವ ಕೆಲಸ ಎಷ್ಟು ಸಮಯ ತಿನ್ನುತ್ತಿದೆ ಅಂತ ಅಳೆಯುವ ಸಾಧನ, ಇದೆ. ಪೇಪರ್‌ನ 1.21 ರಿಂದ ಅದು ಜೊತೆಗೇ ಬರುತ್ತದೆ, ಮಾಡ್ ಹಾಕಲು ಬಳಸುವ ಫ್ಯಾಬ್ರಿಕ್ ಮತ್ತು ಫೋರ್ಜ್‌ಗೂ ಸಿಗುತ್ತದೆ. ಸರ್ವರ್‌ನಲ್ಲಿ ಜನ ಇರುವಾಗ, ನಿಜವಾಗಿ ಲ್ಯಾಗ್ ಬರುತ್ತಿರುವಾಗ ಅದನ್ನು ಹತ್ತು ನಿಮಿಷ ಓಡಿಸಿ. ಖಾಲಿ ಸರ್ವರ್‌ನ ಪ್ರೊಫೈಲ್ ತೆಗೆದು ಏನೂ ಪ್ರಯೋಜನವಿಲ್ಲ. ಅದರಲ್ಲಿ ಓನ್ಲಿ ಟಿಕ್ಸ್ ಓವರ್ ಅನ್ನುವ ಆಯ್ಕೆ ಇದೆ. ಅದಕ್ಕೆ 100 ಅಂತ ಕೊಟ್ಟರೆ 100 ಮಿಲಿಸೆಕೆಂಡ್ ದಾಟಿದ ಟಿಕ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ಜರ್ಕ್ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಯಾಕೆಂದರೆ ಸಾಮಾನ್ಯ ಪ್ರೊಫೈಲ್‌ನಲ್ಲಿ ಚೆನ್ನಾಗಿ ಓಡಿದ ಸಾವಿರಾರು ಟಿಕ್‌ಗಳ ನಡುವೆ ಆ ಕೆಟ್ಟ ನಾಲ್ಕು ಟಿಕ್ ಮುಚ್ಚಿಹೋಗುತ್ತವೆ. ಬೇರೆ ಗೇಮ್‌ಗಳಿಗೆ ಇಷ್ಟು ಚಂದದ ಸಾಧನ ಇಲ್ಲದಿದ್ದರೆ ಲಿನಕ್ಸ್‌ನ ಪರ್ಫ್ ಟಾಪ್ ನೋಡಬಹುದು. ಫಂಕ್ಷನ್ ಹೆಸರುಗಳು ಕಂಡರೆ ಅದೃಷ್ಟ, ಇಲ್ಲದಿದ್ದರೂ ಕೆಲಸ ಕರ್ನಲ್‌ನಲ್ಲಾ ಗೇಮ್‌ನಲ್ಲಾ ಅನ್ನುವುದಾದರೂ ತಿಳಿಯುತ್ತದೆ.

ಟಿಕ್‌ನೊಳಗಿನ ಕೆಲಸ ಕಡಿಮೆ ಮಾಡುವುದು

ನಿಜವಾದ ಲಾಭ ಇರುವುದು ಇಲ್ಲಿ. ಪ್ರೊಸೆಸರ್ ಬದಲಿಸಿದರೆ ಮೂವತ್ತು ನಲವತ್ತು ಪರ್ಸೆಂಟ್ ವೇಗ ಹೆಚ್ಚಬಹುದು, ಬೇಡದ ಕೆಲಸ ನಿಲ್ಲಿಸಿದರೆ ಕೆಲವೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ.

ಮೊದಲನೆಯದು ದೂರ. ಮೈನ್‌ಕ್ರಾಫ್ಟ್‌ನಲ್ಲಿ ವ್ಯೂ ಡಿಸ್ಟೆನ್ಸ್ ಮತ್ತು ಸಿಮ್ಯುಲೇಶನ್ ಡಿಸ್ಟೆನ್ಸ್ ಅಂತ ಎರಡು ಇವೆ, ಎರಡಕ್ಕೂ ಡಿಫಾಲ್ಟ್ 10. ಆಟಗಾರ ನಿಂತ ಚಂಕ್‌ನಿಂದ ಪ್ರತಿ ದಿಕ್ಕಿಗೂ 10 ಅಂದರೆ 21 ಗುಣಿಸು 21, ಒಟ್ಟು 441 ಚಂಕ್. ಅದನ್ನು 6 ಮಾಡಿದರೆ 13 ಗುಣಿಸು 13, ಅಂದರೆ 169. ದೂರ ಅರ್ಧದಷ್ಟೂ ಇಳಿಸಿಲ್ಲ, ಕೆಲಸ ಮಾತ್ರ ಅರ್ಧಕ್ಕಿಂತ ಕೆಳಗೆ ಬಂತು. ಇಪ್ಪತ್ತು ಜನ ಚದುರಿ ಆಡುತ್ತಿದ್ದರೆ 8820 ಚಂಕ್ ಇದ್ದದ್ದು 3380 ಆಗುತ್ತದೆ. ಎರಡು ಸೆಟ್ಟಿಂಗ್‌ಗಳಲ್ಲಿ ಟಿಕ್‌ಗೆ ಭಾರ ಆಗುವುದು ಮುಖ್ಯವಾಗಿ ಸಿಮ್ಯುಲೇಶನ್ ಡಿಸ್ಟೆನ್ಸ್, ಪ್ರಾಣಿ ಓಡಾಡುವುದು, ಬೆಳೆ ಬೆಳೆಯುವುದು ಅದರೊಳಗೆ. ವ್ಯೂ ಡಿಸ್ಟೆನ್ಸ್ ಹೆಚ್ಚಿನ ಮಟ್ಟಿಗೆ ಚಂಕ್ ಲೋಡ್ ಮಾಡುವುದು, ಮೆಮೊರಿ, ನೆಟ್‌ವರ್ಕ್ ಇವುಗಳ ಮೇಲೆ ಬೀಳುತ್ತದೆ. ಹಾಗಾಗಿ ಸಿಮ್ಯುಲೇಶನ್ 5 ಅಥವಾ 6 ಕ್ಕೆ ಇಳಿಸಿ, ವ್ಯೂ 8 ಅಥವಾ 10 ರಲ್ಲೇ ಬಿಡಿ. ಆಟಗಾರರಿಗೆ ದೂರದ ಬೆಟ್ಟ ಮೊದಲಿನ ಹಾಗೇ ಕಾಣುತ್ತದೆ, ಯಾರೂ ಗೊಣಗುವುದಿಲ್ಲ. ಬೇರೆ ಗೇಮ್‌ಗಳಲ್ಲೂ ಇದೇ ತರಹದ ಸೆಟ್ಟಿಂಗ್ ಬೇರೆ ಹೆಸರಲ್ಲಿ ಇರುತ್ತದೆ, ಮತ್ತು ಅಲ್ಲೂ ಲೆಕ್ಕ ವರ್ಗದಲ್ಲೇ ಏರುತ್ತದೆ, ಇಳಿಯುತ್ತದೆ.

ಎರಡನೆಯದು ಒಂದೇ ಜಾಗದಲ್ಲಿ ಗುಂಪುಗೂಡಿದ ಪ್ರಾಣಿಗಳು. ಎರಡು ಗುಣಿಸು ಎರಡು ಬ್ಲಾಕ್‌ನ ದೊಡ್ಡಿಯಲ್ಲಿ 50 ದನ ತುಂಬಿದ್ದಾರೆ ಅಂದುಕೊಳ್ಳಿ. ಪ್ರತಿ ದನವೂ ಪಕ್ಕದವುಗಳಿಗೆ ತಾಗುತ್ತಿದ್ದೇನಾ ಅಂತ ಪ್ರತಿ ಟಿಕ್ ನೋಡಬೇಕು, 50 ಗುಣಿಸು 49, ಅಂದರೆ 2450 ಪರೀಕ್ಷೆ. ಅದೇ ದೊಡ್ಡಿಗೆ 200 ತುಂಬಿದರೆ? 39,800. ದನ ನಾಲ್ಕು ಪಟ್ಟು, ಕೆಲಸ ಹದಿನಾರು ಪಟ್ಟು. ಒಬ್ಬ ಆಟಗಾರನ ಒಂದು ದೊಡ್ಡಿ ಇಡೀ ಸರ್ವರ್ ಅನ್ನು ಎಳೆದು ಕೆಡವುವುದು ಹೀಗೆ. ಗೇಮ್‌ನಲ್ಲೇ ಮ್ಯಾಕ್ಸ್ ಎಂಟಿಟಿ ಕ್ರ್ಯಾಮಿಂಗ್ ಅನ್ನುವ ಮಿತಿ ಇದೆ, ಡಿಫಾಲ್ಟ್ 24, ಅದನ್ನು ಸೊನ್ನೆ ಮಾಡಿ ಕಿತ್ತು ಹಾಕಿದವರಿದ್ದರೆ ವಾಪಸ್ ಹಾಕಿ. ಹಳ್ಳಿಗರ ಟ್ರೇಡಿಂಗ್ ಹಾಲ್ ಇನ್ನೊಂದು ಭಾರ. ಗೋಡೆ ಕಟ್ಟಿ ನಿಲ್ಲಿಸಿದರೂ ಅವರು ಯೋಚನೆ ಮಾಡುವುದು ನಿಲ್ಲುವುದಿಲ್ಲ, ಎಲ್ಲಿಗೆ ಹೋಗಬೇಕು ಅಂತ ದಾರಿ ಹುಡುಕುತ್ತಲೇ ಇರುತ್ತಾರೆ. ಪೇಪರ್‌ನ ಎಂಟಿಟಿ ಆಕ್ಟಿವೇಶನ್ ರೇಂಜ್ ಸೆಟ್ಟಿಂಗ್ ಇಲ್ಲಿ ಕೈ ಹಿಡಿಯುತ್ತದೆ, ದೂರದಲ್ಲಿರುವ ಜೀವಿಗಳ ಕೆಲಸವನ್ನು ಅದು ಕಡಿಮೆ ಮಾಡುತ್ತದೆ.

ಹಾಪರ್‌ಗಳ (ವಸ್ತು ಎತ್ತಿಕೊಂಡು ಸಾಗಿಸುವ ಬ್ಲಾಕ್) ಬಗ್ಗೆ ಒಂದು ಸಣ್ಣ ಮಾತು. ಮೇಲೆ ಏನೂ ಇಲ್ಲದ ಹಾಪರ್ ತನ್ನ ಮೇಲಿನ ಜಾಗದಲ್ಲಿ ಬಿದ್ದ ವಸ್ತು ಇದೆಯಾ ಅಂತ ಹುಡುಕುತ್ತಲೇ ಇರುತ್ತದೆ. ಮೇಲೆ ಒಂದು ಪೆಟ್ಟಿಗೆಯೋ ಕಾಂಪೋಸ್ಟರೋ ಇಟ್ಟರೆ ಆ ಹುಡುಕಾಟ ಇರುವುದಿಲ್ಲ. ಉದ್ದ ಹಾಪರ್ ಸಾಲು ಕಟ್ಟುವವರಿಗೆ ಇದನ್ನು ಹೇಳಿಕೊಡಿ. ಫಾರ್ಮ್ ಒಡೆಯಬೇಕಾಗಿಲ್ಲ, ಕಾಂಪೋಸ್ಟರ್ ಇಟ್ಟರೆ ಸಾಕು, ಅವರಿಗೂ ಬೇಜಾರಿಲ್ಲ.

ಮೂರನೆಯದು ಹೊಸ ಜಾಗ ತಯಾರಿಸುವುದು. ಎಲಿಟ್ರಾ ಅನ್ನುವ ರೆಕ್ಕೆ ಹಾಕಿಕೊಂಡು ಯಾರೂ ಹೋಗದ ಕಡೆ ಹಾರುವ ಒಬ್ಬ ಆಟಗಾರ ಇದ್ದರೆ ಸರ್ವರ್ ಅವನ ಮುಂದೆ ಮುಂದೆ ಲೋಕ ಕಟ್ಟುತ್ತಾ ಓಡಬೇಕು. ಇದು ಮೈನ್‌ಕ್ರಾಫ್ಟ್‌ನಲ್ಲಿ ಅತಿ ಭಾರದ ಕೆಲಸಗಳಲ್ಲಿ ಒಂದು. ಪರಿಹಾರ ಸರಳ. ಮೊದಲು ವರ್ಲ್ಡ್ ಬಾರ್ಡರ್ ಹಾಕಿ, ಆಮೇಲೆ ಚಂಕಿ ಪ್ಲಗಿನ್ ಹಾಕಿ ಜನ ಬರುವ ಮೊದಲೇ ಅಷ್ಟೂ ಜಾಗವನ್ನು ತಯಾರಿಸಿಡಿ. ನಡುವಿನಿಂದ 5000 ಬ್ಲಾಕ್ ಪ್ರತಿ ಕಡೆಗೆ ಅಂದರೆ 625 ಗುಣಿಸು 625, ಹತ್ತಿರ ಹತ್ತಿರ 3,90,000 ಚಂಕ್. ರಾತ್ರಿಯಿಡೀ ಓಡಬಹುದು, ಓಡಲಿ. ಡಿಸ್ಕ್‌ನಲ್ಲಿ ಜಾಗ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಶೂಟರ್ ಗೇಮ್‌ಗಳಲ್ಲಿ ಚಂಕ್ ಇಲ್ಲ, ಬದಲಿಗೆ ಬಾಟ್‌ಗಳಿವೆ. ಮನುಷ್ಯ ಆಟಗಾರನ ತಲೆ ಅವನ ಮನೆಯಲ್ಲಿ ಓಡುತ್ತದೆ, ಬಾಟ್‌ನ ತಲೆ ನಿಮ್ಮ ಸಿಪಿಯುನಲ್ಲಿ ಓಡುತ್ತದೆ. ಹಾಗಾಗಿ ಜನ ಕಡಿಮೆ ಇದ್ದಾಗ ಸರ್ವರ್ ತುಂಬಿದ ಹಾಗೆ ಕಾಣಲಿ ಅಂತ ಬಾಟ್ ತುಂಬಿಸುವ ಅಭ್ಯಾಸ ಸಿಪಿಯು ಲೆಕ್ಕದಲ್ಲಿ ದುಬಾರಿ. ಟಿಕ್ ರೇಟ್ ಕೂಡ ಹಾಗೇ. ಟಿಕ್ ರೇಟ್ ಎರಡು ಪಟ್ಟು ಮಾಡಿದರೆ ಒಂದು ಟಿಕ್‌ಗೆ ಸಿಗುವ ಸಮಯ ಅರ್ಧ ಆಗುತ್ತದೆ, ಸೆಕೆಂಡಿಗೆ ಮಾಡುವ ಕೆಲಸ ಹೆಚ್ಚುಕಡಿಮೆ ದುಪ್ಪಟ್ಟು. ಅನ್‌ರಿಯಲ್ ಎಂಜಿನ್ ಗೇಮ್‌ಗಳಲ್ಲಿ ನೆಟ್ ಸರ್ವರ್ ಮ್ಯಾಕ್ಸ್ ಟಿಕ್ ರೇಟ್ ಅಂತ ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ 30. ಅದನ್ನು 120 ಮಾಡಿದರೆ ಆಟ ನಯವಾಗುತ್ತದೆ ಅಂತ ಎಲ್ಲೋ ಓದಿ ಬದಲಿಸುವವರು ಇದ್ದಾರೆ. 33 ಮಿಲಿಸೆಕೆಂಡ್ ಇದ್ದಾಗ ತಿಣುಕುತ್ತಿದ್ದ ಸರ್ವರ್ 8 ಮಿಲಿಸೆಕೆಂಡ್‌ನಲ್ಲಿ ಮುಗಿಸುತ್ತದೆಯಾ? ಸ್ಥಿರವಾದ 30 ಟಿಕ್ ಏರಿಳಿಯುವ 60 ಟಿಕ್‌ಗಿಂತ ಎಷ್ಟೋ ಮೇಲು.

ಮೆಮೊರಿ ಕಡಿಮೆ ಆದರೂ ಸಿಪಿಯು ಏರುತ್ತದೆ

ಜಾವಾ ಸರ್ವರ್‌ಗಳಲ್ಲಿ ಇದನ್ನು ಗಮನಿಸಲೇಬೇಕು. ಹೀಪ್, ಅಂದರೆ ಜಾವಾಗೆ ಕೊಟ್ಟ ಮೆಮೊರಿ, ತುಂಬುತ್ತಾ ಬಂದ ಹಾಗೆ ಗಾರ್ಬೇಜ್ ಕಲೆಕ್ಟರ್ ಮತ್ತೆ ಮತ್ತೆ ಏಳುತ್ತದೆ, ಪ್ರತಿ ಸಲ ಸ್ವಲ್ಪವೇ ಜಾಗ ಬಿಡಿಸಿಕೊಳ್ಳುತ್ತದೆ, ಮತ್ತೆ ತುಂಬುತ್ತದೆ, ಮತ್ತೆ ಏಳುತ್ತದೆ. ಹೊರಗಿನಿಂದ ನೋಡಿದವರಿಗೆ ಸಿಪಿಯು ಸಾಲದು ಅನ್ನಿಸುತ್ತದೆ, ಬೇಕಾಗಿರುವುದು ಎರಡು ಗಿಗಾಬೈಟ್ ರಾಮ್. ಹಾಗಂತ ಮೆಷಿನ್‌ನಲ್ಲಿರುವ ರಾಮ್ ಪೂರ್ತಿ ಜಾವಾಗೆ ಕೊಡಬೇಡಿ. ಆಪರೇಟಿಂಗ್ ಸಿಸ್ಟಮ್‌ಗೆ, ಡಿಸ್ಕ್ ಕ್ಯಾಶ್‌ಗೆ ಜಾಗ ಉಳಿಯದೆ ಸ್ವಾಪ್ (ರಾಮ್ ಬದಲು ಡಿಸ್ಕ್ ಬಳಸುವುದು) ಶುರುವಾದರೆ ಪರಿಸ್ಥಿತಿ ಮೊದಲಿಗಿಂತ ಹದಗೆಡುತ್ತದೆ. ಎಕ್ಸ್‌ಎಂಎಸ್ (ಶುರುವಿನ ಹೀಪ್) ಮತ್ತು ಎಕ್ಸ್‌ಎಂಎಕ್ಸ್ (ಗರಿಷ್ಠ ಹೀಪ್) ಎರಡಕ್ಕೂ ಒಂದೇ ಅಂಕಿ ಕೊಡಿ, ಓಡುವಾಗ ಹೀಪ್ ಹಿಗ್ಗಿಸುವ ಕೆಲಸ ತಪ್ಪುತ್ತದೆ.

ಕೋಟಾ ಹಾಕುವ ಮೊದಲು ಇದನ್ನು ಓದಿ

ಒಂದೇ ಮೆಷಿನ್‌ನಲ್ಲಿ ಎರಡು ಮೂರು ಸರ್ವರ್ ಓಡಿಸುವವರು, ಅಥವಾ ಡಾಕರ್‌ನಲ್ಲಿ (ಪ್ರತಿ ಪ್ರೋಗ್ರಾಂ ಅನ್ನು ಬೇರೆ ಬೇರೆ ಕಂಟೇನರ್‌ನಲ್ಲಿ ಇಡುವ ಸಾಧನ) ಓಡಿಸುವವರು, ಒಂದು ಸರ್ವರ್ ಇನ್ನೊಂದರದ್ದು ತಿನ್ನದಿರಲಿ ಅಂತ ಸಿಪಿಯು ಮಿತಿ ಹಾಕುತ್ತಾರೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸಿಪಿಯು ಕೋಟಾ 200 ಪರ್ಸೆಂಟ್, ಡಾಕರ್‌ನಲ್ಲಿ ಸಿಪಿಯುಸ್ 2. ಕೇಳಲು ಸರಿಯಾಗೇ ಇದೆ, ಎರಡು ಕೋರ್ ಅಲ್ವಾ? ಲಿನಕ್ಸ್ ಅದನ್ನು ಹಾಗೆ ಜಾರಿ ಮಾಡುವುದಿಲ್ಲ.

ಅದು ಮಾಡುವುದು ಹೀಗೆ. ಸಮಯವನ್ನು 100 ಮಿಲಿಸೆಕೆಂಡ್‌ಗಳ ತುಂಡು ಮಾಡುತ್ತದೆ. ಪ್ರತಿ ತುಂಡಿನಲ್ಲಿ ನಿಮ್ಮ ಸರ್ವರ್‌ಗೆ 200 ಮಿಲಿಸೆಕೆಂಡ್ ಸಿಪಿಯು ಸಮಯ ಕೊಡುತ್ತದೆ. ಮುಖ್ಯ ಥ್ರೆಡ್ ಒಂದೇ ಓಡುತ್ತಿದ್ದರೆ ಇದು ಬೇಕಾದಷ್ಟಾಯಿತು. ಆದರೆ ಎಂಟು ಕೋರ್ ಮೆಷಿನ್‌ನಲ್ಲಿ ಚಂಕ್ ವರ್ಕರ್‌ಗಳು, ಗಾರ್ಬೇಜ್ ಕಲೆಕ್ಟರ್ ಥ್ರೆಡ್‌ಗಳು ಒಟ್ಟಿಗೆ ಎದ್ದು ಎಂಟು ಕೋರ್‌ಗಳ ಮೇಲೂ ಓಡಿದರೆ ಆ 200 ಮಿಲಿಸೆಕೆಂಡ್ ಬರೀ 25 ಮಿಲಿಸೆಕೆಂಡ್‌ನಲ್ಲಿ ಮುಗಿದುಹೋಗುತ್ತದೆ. ಉಳಿದ 75 ಮಿಲಿಸೆಕೆಂಡ್ ಇಡೀ ಸರ್ವರ್ ಸ್ತಬ್ಧ. ಮುಖ್ಯ ಥ್ರೆಡ್ ಕೂಡ. ಮೈನ್‌ಕ್ರಾಫ್ಟ್‌ಗೆ ಅದು ಒಂದೂವರೆ ಟಿಕ್, ಫ್ಯಾಕ್ಟೋರಿಯೋಗೆ ನಾಲ್ಕೂವರೆ. ಗ್ರಾಫ್‌ನಲ್ಲಿ ಸರಾಸರಿ ಸಿಪಿಯು ಮಿತಿಗಿಂತ ಕೆಳಗೇ ಕಾಣುತ್ತಿರುತ್ತದೆ, ಮೆಷಿನ್ ಅರ್ಧ ಖಾಲಿ ಇರುತ್ತದೆ, ಆಟ ಮಾತ್ರ ಜರ್ಕ್ ಹೊಡೆಯುತ್ತಿರುತ್ತದೆ. ಕಾರಣ ಹುಡುಕಲು ತುಂಬಾ ಕಷ್ಟ ಕೊಡುವ ಲ್ಯಾಗ್ ಇದು.

ನಿಮಗೂ ಹೀಗಾಗುತ್ತಿದೆಯಾ ಅಂತ ತಿಳಿಯಲು ಆ ಸರ್ವಿಸ್‌ನ ಅಥವಾ ಕಂಟೇನರ್‌ನ ಸಿಗ್ರೂಪ್ (ಲಿನಕ್ಸ್ ಈ ಮಿತಿಗಳ ಲೆಕ್ಕ ಇಡುವ) ಫೋಲ್ಡರ್‌ನಲ್ಲಿ ಸಿಪಿಯು ಡಾಟ್ ಸ್ಟ್ಯಾಟ್ ಅನ್ನುವ ಫೈಲ್ ನೋಡಿ. ಅದರಲ್ಲಿ ಎನ್‌ಆರ್ ಥ್ರಾಟಲ್ಡ್ ಅಂತ ಒಂದು ಸಾಲು ಇರುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಅಂಕಿ ಏರುತ್ತಿದ್ದರೆ ಕೋಟಾ ನಿಮ್ಮ ಸರ್ವರ್‌ನ ಕುತ್ತಿಗೆ ಹಿಡಿದಿದೆ.

ಇದರ ಬದಲು ಎರಡು ದಾರಿ ಇವೆ. ಸಿಪಿಯು ವೇಟ್ ಕೊಡುವುದು ಒಂದು. ಡಿಫಾಲ್ಟ್ 100 ಇರುತ್ತದೆ, ಮುಖ್ಯ ಸರ್ವರ್‌ಗೆ 400 ಕೊಟ್ಟರೆ ಜಗಳ ಬಂದಾಗ ಮಾತ್ರ ಅದಕ್ಕೆ ಹೆಚ್ಚು ಪಾಲು ಸಿಗುತ್ತದೆ, ಖಾಲಿ ಇದ್ದಾಗ ಯಾರು ಬೇಕಾದರೂ ಬಳಸಬಹುದು. ಎರಡನೆಯದು ಕೋರ್ ಹಂಚಿಕೊಡುವುದು. ಡಾಕರ್‌ನಲ್ಲಿ ಸಿಪಿಯುಸೆಟ್, ಸಿಸ್ಟಮ್‌ಡಿಯಲ್ಲಿ ಸಿಪಿಯು ಅಫಿನಿಟಿ, ಕೈಯಲ್ಲೇ ಮಾಡುವುದಾದರೆ ಟಾಸ್ಕ್‌ಸೆಟ್. ಈ ಸರ್ವರ್‌ಗೆ ಕೋರ್ 0 ಮತ್ತು 1, ಆ ಸರ್ವರ್‌ಗೆ 2 ಮತ್ತು 3. ಇಲ್ಲಿ ಒಂದು ಎಚ್ಚರ: ಲಾಜಿಕಲ್ ಪ್ರೊಸೆಸರ್ ನಂಬರ್ ನೋಡಿ ಹಂಚಬೇಡಿ. ಹೈಪರ್‌ಥ್ರೆಡಿಂಗ್ ಇದ್ದರೆ ಎರಡು ನಂಬರ್‌ಗಳ ಹಿಂದೆ ಒಂದೇ ನಿಜವಾದ ಕೋರ್ ಇರುತ್ತದೆ. ಎಲ್‌ಎಸ್‌ಸಿಪಿಯು ಕಮಾಂಡ್‌ಗೆ ಇ ಆಪ್ಷನ್ ಹಾಕಿದರೆ ಯಾವ ನಂಬರ್ ಯಾವ ಕೋರ್‌ಗೆ ಸೇರಿದ್ದು ಅಂತ ಪಟ್ಟಿ ಬರುತ್ತದೆ. ಎರಡು ಸರ್ವರ್‌ಗಳ ಮುಖ್ಯ ಥ್ರೆಡ್‌ಗಳನ್ನು ಒಂದೇ ಕೋರ್‌ನ ಎರಡು ನಂಬರ್‌ಗಳ ಮೇಲೆ ಕೂರಿಸಿದರೆ ಇಬ್ಬರಿಗೂ ನಷ್ಟ. ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಪಿ ಕೋರ್ (ವೇಗದ್ದು), ಇ ಕೋರ್ (ಕಡಿಮೆ ವಿದ್ಯುತ್ ಬಳಸುವುದು) ಅಂತ ಎರಡು ಬಗೆ ಇರುವ ಪ್ರೊಸೆಸರ್‌ಗಳು ಬಂದಿವೆ, ಅಲ್ಲಿ ಗೇಮ್ ಸರ್ವರ್ ಪಿ ಕೋರ್ ಮೇಲೇ ಇರಲಿ.

ಒಂದೇ ಸರ್ವರ್ ಓಡಿಸುವವರು ಇದ್ಯಾವುದರ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಶೆಡ್ಯೂಲರ್ ತನ್ನಷ್ಟಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಅದೇ ಮೆಷಿನ್‌ನಲ್ಲಿ ಬೇರೆ ಏನೇನು ಓಡುತ್ತಿದೆ?

ದಿನಾ ಒಂದೇ ಹೊತ್ತಿಗೆ ಲ್ಯಾಗ್ ಬರುತ್ತದೆ ಅಂದರೆ ಮೊದಲು ಬ್ಯಾಕಪ್ ಮೇಲೆ ಅನುಮಾನ ಪಡಿ. ಇಪ್ಪತ್ತು ಗಿಗಾಬೈಟ್ ವರ್ಲ್ಡ್ ಅನ್ನು ಕಂಪ್ರೆಸ್ ಮಾಡುವ ಕೆಲಸ ಕೋರ್‌ಗಳನ್ನೂ ಡಿಸ್ಕನ್ನೂ ಒಟ್ಟಿಗೆ ಹಿಡಿದುಬಿಡುತ್ತದೆ. ಬ್ಯಾಕಪ್ ನಿಲ್ಲಿಸಬೇಡಿ ದಯವಿಟ್ಟು. ಅದನ್ನು ನೈಸ್ 19 ರಲ್ಲಿ (ಸಿಪಿಯು ಸರದಿಯ ಕೊನೆಯಲ್ಲಿ) ಓಡಿಸಿ, ಐಒನೈಸ್‌ನಲ್ಲಿ ಐಡಲ್ ಕ್ಲಾಸ್ ಕೊಡಿ, ಕಂಪ್ರೆಷನ್‌ಗೆ ಝಡ್‌ಸ್ಟ್ಯಾಂಡರ್ಡ್ ಬಳಸಿ, ಥ್ರೆಡ್ ಸಂಖ್ಯೆ ಒಂದಕ್ಕೆ ಇಳಿಸಿ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿದರೆ ಹಿಡಿಯಲಿ, ಆಡುವವರಿಗೆ ಗೊತ್ತಾಗಬಾರದು ಅಷ್ಟೇ.

ಸರ್ವರ್ ಓಡಿಸುವ ಕಂಪ್ಯೂಟರ್‌ನಲ್ಲೇ ಕೂತು ನೀವೂ ಆಡುತ್ತೀರಾ? ಹಾಗಾದರೆ ಗೇಮ್‌ನ ಫ್ರೇಮ್ ರೇಟ್‌ಗೆ ಒಂದು ಮಿತಿ ಹಾಕಿ. ಮಿತಿ ಇಲ್ಲದ ಗೇಮ್ ಸಿಕ್ಕಷ್ಟು ಸಿಪಿಯು ಬಳಸಿ 200 ಫ್ರೇಮ್ ತೋರಿಸುತ್ತದೆ, ನಿಮ್ಮ ಸ್ಕ್ರೀನ್ 60 ಮಾತ್ರ ತೋರಿಸುತ್ತಿರಬಹುದು. ವಿಂಡೋಸ್‌ನಲ್ಲಿ ಸರ್ವರ್ ಪ್ರೊಸೆಸ್‌ಗೆ ಪ್ರಯಾರಿಟಿ ಅಬೌವ್ ನಾರ್ಮಲ್ ಕೊಡಿ. ರಿಯಲ್‌ಟೈಮ್ ಬೇಡವೇ ಬೇಡ, ಮೌಸ್ ಮತ್ತು ನೆಟ್‌ವರ್ಕ್ ಕೂಡ ಉಸಿರುಗಟ್ಟಬಹುದು. ಪವರ್ ಪ್ಲಾನ್ ನೋಡಿ, ಲಿನಕ್ಸ್‌ನಲ್ಲಾದರೆ ಗವರ್ನರ್ (ಸಿಪಿಯು ವೇಗ ನಿರ್ಧರಿಸುವ ಸೆಟ್ಟಿಂಗ್) ಪವರ್‌ಸೇವ್‌ನಲ್ಲಿದೆಯಾ ನೋಡಿ. ಲ್ಯಾಪ್‌ಟಾಪ್ ಆದರೆ ಬಿಸಿಯ ವಿಷಯವೂ ಸೇರುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಕ್ಲಾಕ್ ಇಳಿದು ಲ್ಯಾಗ್ ಶುರುವಾದರೆ ಸೆಟ್ಟಿಂಗ್ ಹುಡುಕಬೇಡಿ, ಫ್ಯಾನ್ ಮತ್ತು ಧೂಳು ನೋಡಿ.

ಯಾರೂ ಇಲ್ಲದಿದ್ದರೂ ಸಿಪಿಯು ಉರಿಯುತ್ತಿದೆ ಅನ್ನುವುದು ಇನ್ನೊಂದು ದೂರು. ಕೆಲವು ಸರ್ವರ್‌ಗಳು ಫ್ರೇಮ್ ರೇಟ್‌ಗೆ ಮಿತಿ ಇಲ್ಲದೆ ಬರೆದಿರುತ್ತವೆ, ಎಷ್ಟು ವೇಗ ಸಾಧ್ಯವೋ ಅಷ್ಟು ಸುತ್ತುತ್ತವೆ, ಒಂದು ಕೋರ್ ಸದಾ ತುಂಬಿರುತ್ತದೆ. ಯೂನಿಟಿ ಎಂಜಿನ್‌ನಲ್ಲಿ ಮಾಡಿದ ಹೆಡ್‌ಲೆಸ್ (ಪರದೆ ಇಲ್ಲದೆ ಓಡುವ) ಸರ್ವರ್‌ಗೆ ಟಾರ್ಗೆಟ್ ಫ್ರೇಮ್ ರೇಟ್ ಕೊಡದೇ ಹೋದರೆ ಹೀಗಾಗುತ್ತದೆ. ಮೈನ್‌ಕ್ರಾಫ್ಟ್ 1.21.2 ರಿಂದ ಜನ ಇಲ್ಲದಾಗ ತಾನೇ ನಿಲ್ಲುವ ಸೆಟ್ಟಿಂಗ್ ಬಂದಿದೆ, 60 ಸೆಕೆಂಡ್ ಯಾರೂ ಇಲ್ಲದಿದ್ದರೆ ಪಾಜ್ ಆಗುತ್ತದೆ. ಫ್ಯಾಕ್ಟೋರಿಯೋದಲ್ಲಿ ಆಟೋ ಪಾಜ್ ಇದೆ.

ಹಾಗೆಯೇ ಲಾಗಿನ್ ಆಗದೇ ಬರೀ ಬಾಗಿಲು ತಟ್ಟುವ ಟ್ರಾಫಿಕ್. ಸರ್ವರ್ ಲಿಸ್ಟ್‌ನ ಕ್ವೆರಿಗಳು ಸೆಕೆಂಡಿಗೆ ಸಾವಿರಾರು ಬಂದರೆ ಅದಕ್ಕೆ ಉತ್ತರ ಕೊಡುವುದೂ ಸಿಪಿಯು ಕೆಲಸವೇ. ಆಟಗಾರರು ಕಡಿಮೆ, ಪ್ಯಾಕೆಟ್ ಜಾಸ್ತಿ ಅಂತ ಕಂಡರೆ ಫೈರ್‌ವಾಲ್‌ನಲ್ಲಿ ಪ್ರತಿ ಐಪಿಗೆ ಮಿತಿ ಹಾಕಿ, ಪ್ಯಾಕೆಟ್ ಗೇಮ್ ತನಕ ಬರದೆ ಕರ್ನಲ್‌ನಲ್ಲೇ ಬಿದ್ದುಹೋಗುತ್ತದೆ. ವೆಲಾಸಿಟಿ ತರಹದ ಪ್ರಾಕ್ಸಿ (ಆಟಗಾರರನ್ನು ಹಿಂದಿನ ಸರ್ವರ್‌ಗೆ ದಾಟಿಸುವ ಸಾಫ್ಟ್‌ವೇರ್) ಅದೇ ಮೆಷಿನ್‌ನಲ್ಲಿ ಮುಂದೆ ಇಟ್ಟವರು ಹಿಂದಿನ ಸರ್ವರ್‌ನ ನೆಟ್‌ವರ್ಕ್ ಕಂಪ್ರೆಷನ್ ಥ್ರೆಶೋಲ್ಡ್ ಅನ್ನು ಮೈನಸ್ 1 ಮಾಡಿ. ಒಂದೇ ಮೆಷಿನ್ ಒಳಗೆ ಡೇಟಾ ಹಿಂಡಿ ಮತ್ತೆ ಬಿಡಿಸುವುದರಲ್ಲಿ ಅರ್ಥವಿಲ್ಲ.

ಬಾಡಿಗೆ ಮೆಷಿನ್ ಮತ್ತು ಹೊಸ ಮೆಷಿನ್

ವಿಪಿಎಸ್‌ನಲ್ಲಿ (ದೊಡ್ಡ ಮೆಷಿನ್‌ನ ಒಂದು ಪಾಲನ್ನು ಬಾಡಿಗೆಗೆ ಕೊಡುವ ವರ್ಚುವಲ್ ಮೆಷಿನ್) ಇದ್ದರೆ ಟಾಪ್‌ನ ಮೇಲಿನ ಸಿಪಿಯು ಸಾಲಿನ ಕೊನೆಯಲ್ಲಿ ಎಸ್‌ಟಿ ಅನ್ನುವ ಅಂಕಿ ನೋಡಿ. ಅದು ಸ್ಟೀಲ್. ನಿಮ್ಮ ವರ್ಚುವಲ್ ಮೆಷಿನ್ ಓಡಲು ತಯಾರಿತ್ತು, ಆದರೆ ಕೆಳಗಿನ ನಿಜವಾದ ಕೋರ್ ಬೇರೆಯವರ ಕೈಯಲ್ಲಿತ್ತು ಅಂತ ಅರ್ಥ. ಸಂಜೆ ಹೊತ್ತು ಅದು 5, 10 ಅಂತ ಏರುತ್ತಿದ್ದರೆ ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. ಆ ಅಂಕಿಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೋಸ್ಟಿಂಗ್‌ನವರಿಗೆ ಬರೆಯಿರಿ, ಬೇರೆ ಮೆಷಿನ್‌ಗೆ ಹಾಕಿಕೊಡಲು ಕೇಳಿ. ಒಪ್ಪದಿದ್ದರೆ ಡೆಡಿಕೇಟೆಡ್ ಕೋರ್ ಕೊಡುವ ಪ್ಲಾನ್ ಹುಡುಕಿ. ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಕ್ರೆಡಿಟ್ ಲೆಕ್ಕ ಇರುತ್ತದೆ, ಸ್ವಲ್ಪ ಹೊತ್ತು ಪೂರ್ತಿ ವೇಗ, ಕ್ರೆಡಿಟ್ ಮುಗಿದ ಮೇಲೆ ಅದರ ಒಂದು ಪಾಲು. ವೆಬ್‌ಸೈಟ್‌ಗೆ ಅದು ಸಾಕು, ಗಂಟೆಗಟ್ಟಲೆ ಒಂದೇ ಸಮ ಓಡುವ ಗೇಮ್ ಸರ್ವರ್‌ಗೆ ಖಂಡಿತ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮುಖ್ಯ ಥ್ರೆಡ್ ತುಂಬಿಯೇ ಇದ್ದರೆ, ಪ್ರೊಫೈಲ್‌ನಲ್ಲಿ ಬೇಡದ್ದು ಏನೂ ಉಳಿದಿಲ್ಲದಿದ್ದರೆ, ಆಗ ಮೆಷಿನ್ ಬದಲಿಸಿ. ಕೋರ್ ಸಂಖ್ಯೆ ನೋಡಬೇಡಿ, ಒಂದು ಕೋರ್‌ನ ವೇಗ ನೋಡಿ. 2.2 ಗಿಗಾಹರ್ಟ್ಸ್‌ನ 32 ಕೋರ್ ಹಳೆಯ ಸರ್ವರ್ ಚಿಪ್‌ಗಿಂತ 5 ಗಿಗಾಹರ್ಟ್ಸ್ ಮುಟ್ಟುವ ಹೊಸ 6 ಕೋರ್ ಡೆಸ್ಕ್‌ಟಾಪ್ ಚಿಪ್ ಒಂದು ಗೇಮ್ ಸರ್ವರ್‌ಗೆ ಎಷ್ಟೋ ಒಳ್ಳೆಯದು. ಫ್ಯಾಕ್ಟೋರಿಯೋ ತರಹ ಮೆಮೊರಿಯಿಂದ ಸದಾ ಓದುವ ಗೇಮ್‌ಗಳಿಗೆ ಕ್ಯಾಶ್ ದೊಡ್ಡದಿದ್ದಷ್ಟೂ ಲಾಭ. 2022 ರಲ್ಲಿ ಬಂದ ಎಎಂಡಿಯ ರೈಝನ್ 7 5800ಎಕ್ಸ್3ಡಿಯಲ್ಲಿ 96 ಮೆಗಾಬೈಟ್ ಎಲ್3 ಕ್ಯಾಶ್ ಇತ್ತು, ದೊಡ್ಡ ಕಾರ್ಖಾನೆ ಕಟ್ಟುವವರು ಆ ಸಾಲಿನ ಚಿಪ್‌ಗಳನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ಮೈನ್‌ಕ್ರಾಫ್ಟ್‌ನಲ್ಲಿ ನೂರಾರು ಜನ ಚದುರಿ ಆಡುವ ಸರ್ವರ್ ಇದ್ದರೆ ಮಾತ್ರ ಕೋರ್ ಸಂಖ್ಯೆ ಲೆಕ್ಕಕ್ಕೆ ಬರುತ್ತದೆ. ಪೇಪರ್ ತಂಡದ್ದೇ ಆದ ಫೋಲಿಯಾ ಲೋಕವನ್ನು ಪ್ರದೇಶಗಳಾಗಿ ಒಡೆದು ಬೇರೆ ಬೇರೆ ಥ್ರೆಡ್‌ನಲ್ಲಿ ಓಡಿಸುತ್ತದೆ. ಅದಕ್ಕೆ ತಕ್ಕ ಹಾಗೆ ಬರೆದ ಪ್ಲಗಿನ್‌ಗಳು ಮಾತ್ರ ಅಲ್ಲಿ ಓಡುತ್ತವೆ, ಹಾಗಾಗಿ ನಿಮ್ಮ ಪ್ಲಗಿನ್ ಪಟ್ಟಿಯನ್ನು ಮೊದಲು ಒಂದೊಂದಾಗಿ ಪರೀಕ್ಷಿಸಿ.

ಹೊಸ ಮೆಷಿನ್‌ಗೆ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳಿಗೆ ಮಾತ್ರ ತೆಗೆದುಕೊಳ್ಳಿ, ನಿಮ್ಮ ವರ್ಲ್ಡ್‌ನ ಕಾಪಿ ಅಲ್ಲಿ ಹಾಕಿ, ಜನ ಜಾಸ್ತಿ ಇರುವ ರಜೆ ದಿನದ ಸಂಜೆ ಎಲ್ಲರನ್ನೂ ಆ ಸರ್ವರ್‌ಗೆ ಕರೆದು, ಹಳೆಯದರಲ್ಲಿ ಬರೆದಿಟ್ಟುಕೊಂಡ ಪಿ99 ಪಕ್ಕದಲ್ಲಿ ಹೊಸದರ ಪಿ99 ಇಟ್ಟು ನೋಡಿ.